ಡಿಸ್ಟ್ರಿಬ್ಯೂಟರ್ ಇರುವ ಗಾಡಿ, ಇಲ್ಲದ ಗಾಡಿ: ಇಗ್ನಿಶನ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆ ಅಂಬಾಸಡರ್, ಪ್ರೀಮಿಯರ್ ಪದ್ಮಿನಿ, ಕಾರ್ಬ್ಯುರೇಟರ್ ಕಾಲದ ಮಾರುತಿ 800 ಇಟ್ಟುಕೊಂಡವರೂ ಈಗಿನ ಪೆಟ್ರೋಲ್ ಗಾಡಿ ಓಡಿಸುವವರೂ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಗಾಡಿ ಯಾಕೆ ಮಿಸ್ ಆಗುತ್ತಿದೆ (ಒಂದು ಸಿಲಿಂಡರ್ ಸರಿಯಾಗಿ ಹೊತ್ತದೆ ಎಂಜಿನ್ ಮುಗ್ಗರಿಸುವುದು), ಪಿಕಪ್ ಯಾಕಿಲ್ಲ, ಮಳೆ ಬಂದರೆ ಯಾಕೆ ಸ್ಟಾರ್ಟ್ ಆಗುವುದಿಲ್ಲ. ಇಗ್ನಿಶನ್, ಅಂದರೆ ಎಂಜಿನ್‌ನಲ್ಲಿ ಪೆಟ್ರೋಲ್ ಹೊತ್ತಿಸುವ ವ್ಯವಸ್ಥೆ ಬೇರೆಯಾದ್ದರಿಂದ ಉತ್ತರ ಮಾತ್ರ ಬೇರೆ ಬೇರೆ. ಹಳೆ ಗಾಡಿಯ ಅಭ್ಯಾಸವನ್ನು ಹೊಸ ಗಾಡಿಯ ಮೇಲೆ ಪ್ರಯೋಗಿಸಿ ಕಾಯಿಲ್ ಸುಟ್ಟುಕೊಳ್ಳುವವರಿದ್ದಾರೆ. ಹೊಸದೆಲ್ಲ ಒಳ್ಳೆಯದು ಎಂದುಕೊಂಡು ಗಟ್ಟಿಮುಟ್ಟಾದ ಡಿಸ್ಟ್ರಿಬ್ಯೂಟರ್ ಕಿತ್ತು ಹಾಕುವವರೂ ಇದ್ದಾರೆ. ಎರಡೂ ಬೇಡ ಎನ್ನುವುದಕ್ಕೇ ಇಷ್ಟು ಬಿಡಿಸಿ ಬರೆದಿದ್ದೇನೆ.

ಡಿಸ್ಟ್ರಿಬ್ಯೂಟರ್ ನಿಜವಾಗಿ ಏನು ಕೆಲಸ ಮಾಡುತ್ತದೆ?

ಒಂದಲ್ಲ, ಮೂರು ಕೆಲಸ. ಸ್ಪಾರ್ಕ್ ಹುಟ್ಟಿಸಲು ಕಾಯಿಲ್‌ಗೆ ಹೋಗುವ ಕರೆಂಟನ್ನು ಸರಿಯಾದ ಹೊತ್ತಿಗೆ ಕತ್ತರಿಸುವುದು, ಹುಟ್ಟಿದ ಸ್ಪಾರ್ಕನ್ನು ಸರಿಯಾದ ಸಿಲಿಂಡರ್‌ಗೆ ಕಳಿಸುವುದು, ಎಂಜಿನ್ ವೇಗಕ್ಕೂ ಭಾರಕ್ಕೂ ತಕ್ಕಂತೆ ಟೈಮಿಂಗ್, ಅಂದರೆ ಸ್ಪಾರ್ಕ್ ಹಾರುವ ಹೊತ್ತು, ಹಿಂದೆ ಮುಂದೆ ಮಾಡುವುದು.

ಬ್ಯಾಟರಿಯ 12 ವೋಲ್ಟ್ ಪ್ಲಗ್ ಗ್ಯಾಪ್ ದಾಟಲಾರದು. ಅದಕ್ಕೆ ಕಾಯಿಲ್ ಬೇಕು. ಕಾಯಿಲ್ ಒಳಗೆ ದಪ್ಪ ತಂತಿಯ ಕೆಲವು ನೂರು ಸುತ್ತು, ತೆಳು ತಂತಿಯ ಸಾವಿರಾರು ಸುತ್ತು ಇರುತ್ತವೆ. ಸಿಬಿ ಪಾಯಿಂಟ್ (ಡಿಸ್ಟ್ರಿಬ್ಯೂಟರ್ ಒಳಗೆ ತೆರೆದು ಮುಚ್ಚುವ ಪುಟ್ಟ ಸ್ವಿಚ್) ಮುಚ್ಚಿದ್ದಾಗ ದಪ್ಪ ತಂತಿಯಲ್ಲಿ ಕರೆಂಟ್ ಹರಿದು ಕಾಯಿಲ್‌ನಲ್ಲಿ ಕಾಂತಶಕ್ತಿ ತುಂಬಿಕೊಳ್ಳುತ್ತದೆ. ಪಾಯಿಂಟ್ ತಟ್ಟನೆ ತೆರೆದಾಗ ಆ ಶಕ್ತಿ ಕುಸಿದು ತೆಳು ತಂತಿಯಲ್ಲಿ 15,000ದಿಂದ 20,000 ವೋಲ್ಟ್ ಎದ್ದು ಬರುತ್ತದೆ. ಅದು ಡಿಸ್ಟ್ರಿಬ್ಯೂಟರ್ ಮುಚ್ಚಳವಾದ ಕ್ಯಾಪ್‌ನ ನಡುವಿನ ಕಾರ್ಬನ್ ಬ್ರಶ್ ಮೂಲಕ, ಒಳಗೆ ತಿರುಗುವ ತೋಳಾದ ರೋಟರ್‌ಗೆ, ರೋಟರ್ ತುದಿಯಿಂದ ಕ್ಯಾಪ್‌ನ ಹಿತ್ತಾಳೆ ತುಂಡಿಗೆ, ಅಲ್ಲಿಂದ ವೈರ್ ಹಿಡಿದು ಪ್ಲಗ್‌ಗೆ. ಪಾಯಿಂಟ್ ಪಕ್ಕದ ಪುಟ್ಟ ಕಂಡೆನ್ಸರ್ ಇಲ್ಲದಿದ್ದರೆ ಪಾಯಿಂಟ್‌ನಲ್ಲೇ ಕಿಡಿ ಹಾರಿ ಅದು ಬೇಗ ಸುಟ್ಟುಹೋಗುತ್ತದೆ, ಕಾಯಿಲ್‌ನ ಕಾಂತಶಕ್ತಿ ಕೂಡ ಬೇಗ ಕುಸಿಯದೆ ಸ್ಪಾರ್ಕ್ ಮಂಕಾಗುತ್ತದೆ.

ಅಮೆರಿಕದ ಓಹಾಯೋ ರಾಜ್ಯದ ಡೇಟನ್ ಊರಿನ ಚಾರ್ಲ್ಸ್ ಕೆಟರಿಂಗ್ 1910ರ ಸುಮಾರಿಗೆ ಈ ವ್ಯವಸ್ಥೆಯನ್ನು ಕ್ಯಾಡಿಲಾಕ್ ಕಾರಿಗೆ ಕೊಟ್ಟರು. ಅವರ ಕಂಪನಿಯ ಹೆಸರು ಡೆಲ್ಕೋ. ಮೂಲ ವಿನ್ಯಾಸ ಹೆಚ್ಚು ಬದಲಾಗದೆ ನಮ್ಮ ಅಂಬಾಸಡರ್‌ವರೆಗೂ ಬಂತು. ಒಂದು ಯಂತ್ರ ಅಷ್ಟು ವರ್ಷ ಬಾಳಿತು ಎಂದರೆ ಅದನ್ನು ಹಗುರವಾಗಿ ನೋಡಬಾರದು.

ಡಿಸ್ಟ್ರಿಬ್ಯೂಟರ್ ಇಲ್ಲದ ಗಾಡಿಯಲ್ಲಿ ಈ ಮೂರು ಕೆಲಸ ಯಾರು ಮಾಡುತ್ತಾರೆ?

ಕರೆಂಟ್ ಕತ್ತರಿಸುವುದು ಟ್ರಾನ್ಸಿಸ್ಟರ್. ಯಾವಾಗ ಕತ್ತರಿಸಬೇಕು, ಯಾವ ಕಾಯಿಲ್‌ನದು ಎಂದು ನಿರ್ಧರಿಸುವುದು ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್. ಅದಕ್ಕೆ ಸುದ್ದಿ ಕೊಡುವುದು ಕ್ರ್ಯಾಂಕ್ ಸೆನ್ಸರ್.

ಪಿಸ್ಟನ್‌ಗಳು ತಿರುಗಿಸುವ ಶಾಫ್ಟ್ ಆದ ಕ್ರ್ಯಾಂಕ್ ಜೊತೆ ತಿರುಗುವ ಒಂದು ಹಲ್ಲಿನ ಚಕ್ರ ಇರುತ್ತದೆ. ತುಂಬಾ ಗಾಡಿಗಳಲ್ಲಿ 60 ಹಲ್ಲಿನ ಜಾಗ ಮಾಡಿ ಎರಡನ್ನು ಬೇಕೆಂದೇ ಬಿಟ್ಟಿರುತ್ತಾರೆ, ಅಂದರೆ ನಿಜವಾಗಿ 58 ಹಲ್ಲು. ಆ ಖಾಲಿ ಜಾಗ ಸೆನ್ಸರ್ ಮುಂದೆ ಬಂದಾಗ ಪಿಸ್ಟನ್ ಎಲ್ಲಿದೆ ಎಂದು ಇಸಿಯುಗೆ ಗೊತ್ತಾಗುತ್ತದೆ. ಒಂದೊಂದು ಹಲ್ಲಿಗೆ 6 ಡಿಗ್ರಿ. ನಡುವಿನದನ್ನು ಅದು ಲೆಕ್ಕ ಹಾಕಿಕೊಳ್ಳುತ್ತದೆ. ಕಂಪ್ರೆಷನ್ ಸುತ್ತೋ ಎಗ್ಸಾಸ್ಟ್ ಸುತ್ತೋ ಎಂದು ತಿಳಿಯಲು ಕ್ಯಾಮ್ ಸೆನ್ಸರ್ ನೆರವಾಗುತ್ತದೆ.

ಇದರಲ್ಲಿ ಮುಖ್ಯವಾಗಿ ಎರಡು ಬಗೆ. ಎರಡು ಸಿಲಿಂಡರ್‌ಗೆ ಒಂದು ಕಾಯಿಲ್ ಇದ್ದು ವೈರ್ ಮೂಲಕ ಪ್ಲಗ್‌ಗೆ ಹೋಗುವ ಕಾಯಿಲ್ ಪ್ಯಾಕ್ ಒಂದು. ಪ್ರತಿ ಪ್ಲಗ್ ತಲೆ ಮೇಲೆ ಒಂದೊಂದು ಕಾಯಿಲ್ ಕೂರಿಸಿ ವೈರ್ ಅನ್ನೇ ತೆಗೆದುಹಾಕಿದ್ದು ಇನ್ನೊಂದು. ಈಗಿನ ಗಾಡಿಗಳಲ್ಲಿ ಎರಡನೆಯದೇ ಜಾಸ್ತಿ.

ವೇಸ್ಟ್ ಸ್ಪಾರ್ಕ್ ಅಂತಾರಲ್ಲ, ಸ್ಪಾರ್ಕ್ ಸುಮ್ನೆ ವ್ಯರ್ಥ ಆಗುತ್ತಾ?

ಕಾಯಿಲ್ ಪ್ಯಾಕ್ ಬಗೆಯಲ್ಲಿ ಹಾಗೆ. ನಾಲ್ಕು ಸಿಲಿಂಡರ್ ಎಂಜಿನ್‌ನಲ್ಲಿ 1 ಮತ್ತು 4ನೇ ಪಿಸ್ಟನ್ ಜೊತೆಯಾಗಿ ಮೇಲೆ ಬರುತ್ತವೆ, 2 ಮತ್ತು 3 ಜೊತೆಯಾಗಿ. ಜೋಡಿಯಲ್ಲಿ ಒಂದು ಕಂಪ್ರೆಷನ್‌ನಲ್ಲಿದ್ದರೆ ಇನ್ನೊಂದು ಎಗ್ಸಾಸ್ಟ್‌ನಲ್ಲಿ. ಒಂದೇ ಕಾಯಿಲ್ ಎರಡಕ್ಕೂ ಒಟ್ಟಿಗೆ ಸ್ಪಾರ್ಕ್ ಕೊಡುತ್ತದೆ. ಎಗ್ಸಾಸ್ಟ್ ಕಡೆ ಸುಡುವುದಕ್ಕೆ ಏನೂ ಇಲ್ಲ, ಒತ್ತಡವೂ ಕಡಿಮೆ. ಹಾಗಾಗಿ ಅಲ್ಲಿ ಗ್ಯಾಪ್ ದಾಟಲು ಸ್ವಲ್ಪ ವೋಲ್ಟ್ ಸಾಕು, ಬಹುಪಾಲು ಶಕ್ತಿ ಬೇಕಾದ ಕಡೆಗೇ ಉಳಿಯುತ್ತದೆ. ನಷ್ಟ ನೀವು ಅಂದುಕೊಂಡಷ್ಟಿಲ್ಲ.

ಆದರೆ ಒಂದು ವಿಷಯ ನೆನಪಿಡಿ. ಈ ಜೋಡಿಯಲ್ಲಿ ಒಂದು ಪ್ಲಗ್‌ನಲ್ಲಿ ಕರೆಂಟ್ ಒಂದು ದಿಕ್ಕಿಗೆ ಹರಿದರೆ ಇನ್ನೊಂದರಲ್ಲಿ ಉಲ್ಟಾ. ಒಂದರ ನಡುವಿನ ಕಡ್ಡಿ ಸವೆಯುತ್ತದೆ, ಇನ್ನೊಂದರ ಪಕ್ಕದ ಕೊಕ್ಕೆ ಸವೆಯುತ್ತದೆ. ಅದಕ್ಕೇ ಇಂಥ ಗಾಡಿಗೆ ಎರಡೂ ತುದಿಯಲ್ಲಿ ಪ್ಲಾಟಿನಂ ಇರುವ ಪ್ಲಗ್ ಹೇಳಿರುತ್ತಾರೆ. ಕ್ಲೀನ್ ಮಾಡಲು ಬಿಚ್ಚಿದರೆ ಯಾವ ಪ್ಲಗ್ ಎಲ್ಲಿತ್ತೋ ಅಲ್ಲಿಗೇ ಹಾಕಿ.

ಈ ಉಪಾಯ ಕಂಪ್ಯೂಟರ್ ಕಾಲದ್ದೇನಲ್ಲ. ಫ್ರಾನ್ಸಿನ ಸಿಟ್ರೊಯೆನ್ 2ಸಿವಿ 1948ರಲ್ಲೇ ಡಿಸ್ಟ್ರಿಬ್ಯೂಟರ್ ಇಲ್ಲದೆ ಬಂದಿತ್ತು. ಎರಡೇ ಸಿಲಿಂಡರ್, ಒಂದು ಪಾಯಿಂಟ್, ಒಂದು ಕಾಯಿಲ್, ಎರಡು ಪ್ಲಗ್‌ಗೂ ಒಟ್ಟಿಗೆ ಸ್ಪಾರ್ಕ್. ರೋಟರ್, ಕ್ಯಾಪ್ ಯಾವುದೂ ಬೇಕಾಗಲಿಲ್ಲ. ಇಸಿಯು ನಡೆಸುವ ಬಗೆ ದೊಡ್ಡ ಮಟ್ಟದಲ್ಲಿ ಬಂದದ್ದು 1980ರ ದಶಕದಲ್ಲಿ. 1984ರ ಬ್ಯೂಕ್ ಟರ್ಬೊ ವಿ6 ಎಂಜಿನ್ ಮೊದಮೊದಲಿನವುಗಳಲ್ಲಿ ಒಂದು.

ಡಿಸ್ಟ್ರಿಬ್ಯೂಟರ್ ಚೆನ್ನಾಗೇ ಕೆಲಸ ಮಾಡುತ್ತಿತ್ತಲ್ಲ, ಯಾಕೆ ತೆಗೆದರು?

ಎಲ್ಲಕ್ಕಿಂತ ಮುಖ್ಯ ಪ್ರಶ್ನೆ ಇದೇ. "ಸ್ಪಾರ್ಕ್ ವೀಕ್ ಇತ್ತು, ಅದಕ್ಕೆ ತೆಗೆದರು" ಎಂದು ಸುಮಾರು ಜನ ಹೇಳುತ್ತಾರೆ. ಅದು ಅರ್ಧ ಉತ್ತರ. ನಿಜವಾದ ಕಾರಣ ಸಮಯ.

ಮೊದಲು ಕಾಯಿಲ್ ತುಂಬಿಕೊಳ್ಳುವ ಸಮಯ ನೋಡಿ. ನಾಲ್ಕು ಸಿಲಿಂಡರ್ ಎಂಜಿನ್ 6000 ಆರ್‌ಪಿಎಂನಲ್ಲಿ ಓಡುತ್ತಿದೆ ಎಂದುಕೊಳ್ಳಿ. ಸೆಕೆಂಡಿಗೆ 100 ಸುತ್ತು, ಸುತ್ತಿಗೆ ಎರಡು ಸ್ಪಾರ್ಕ್, ಅಂದರೆ ಸೆಕೆಂಡಿಗೆ 200 ಸ್ಪಾರ್ಕ್. ಒಂದಕ್ಕೂ ಇನ್ನೊಂದಕ್ಕೂ ನಡುವೆ ಇರುವುದು 5 ಮಿಲಿಸೆಕೆಂಡ್. ಪಾಯಿಂಟ್ ಅದರಲ್ಲಿ ಮೂರನೇ ಎರಡು ಭಾಗ ಮಾತ್ರ ಮುಚ್ಚಿರುತ್ತದೆ, ಸುಮಾರು 3.3 ಮಿಲಿಸೆಕೆಂಡ್. ಹಳೆ ಕಾಯಿಲ್ ಪೂರ್ತಿ ತುಂಬಿಕೊಳ್ಳಲು ಇದು ಸಾಲದು. ವೇಗ ಹೆಚ್ಚಿದಂತೆ ಸ್ಪಾರ್ಕ್ ಸೊರಗುವುದು ಇದೇ ಕಾರಣಕ್ಕೆ. ಒಂದೊಂದು ಪ್ಲಗ್‌ಗೂ ಒಂದೊಂದು ಕಾಯಿಲ್ ಇದ್ದರೆ ಪ್ರತಿ ಕಾಯಿಲ್‌ಗೂ ಎರಡು ಸುತ್ತಿಗೆ ಒಮ್ಮೆ ಮಾತ್ರ ಕೆಲಸ. ಅದೇ 6000 ಆರ್‌ಪಿಎಂನಲ್ಲಿ 20 ಮಿಲಿಸೆಕೆಂಡ್ ಬಿಡುವು ಸಿಗುತ್ತದೆ. ಆರು, ಎಂಟು ಸಿಲಿಂಡರ್ ಎಂಜಿನ್‌ಗಳಲ್ಲಿ ಒಂದೇ ಕಾಯಿಲ್‌ನ ಪಾಡು ಇನ್ನೂ ಕಷ್ಟ.

ಎರಡನೆಯದು ಟೈಮಿಂಗ್. ಅದೇ ವೇಗದಲ್ಲಿ ಕ್ರ್ಯಾಂಕ್ ಒಂದು ಮಿಲಿಸೆಕೆಂಡಿಗೆ 36 ಡಿಗ್ರಿ ತಿರುಗುತ್ತದೆ. ಎರಡು ಮೂರು ಡಿಗ್ರಿ ಆಚೀಚೆ ಆದರೂ ನಾಕಿಂಗ್ (ಪೆಟ್ರೋಲ್ ತಾನಾಗಿ ಸಿಡಿದು ಬರುವ ಕಟಕಟ ಸದ್ದು) ಬರುತ್ತದೆ, ಇಲ್ಲವೇ ಪವರ್ ಹೋಗುತ್ತದೆ. ಡಿಸ್ಟ್ರಿಬ್ಯೂಟರ್ ಇದನ್ನು ಹೇಗೆ ನೋಡಿಕೊಳ್ಳುತ್ತದೆ? ಒಳಗೆ ಸ್ಪ್ರಿಂಗ್ ಕಟ್ಟಿದ ಎರಡು ತೂಕಗಳಿವೆ. ವೇಗ ಹೆಚ್ಚಿದರೆ ಅವು ಹೊರಗೆ ಚಾಚಿ ಸ್ಪಾರ್ಕನ್ನು ಮುಂಚೆ ಮಾಡುತ್ತವೆ. ಪಕ್ಕದ ವ್ಯಾಕ್ಯೂಮ್ ಡಬ್ಬಿ ಎಂಜಿನ್ ಮೇಲಿನ ಭಾರ ನೋಡಿ ಪ್ಲೇಟ್ ಎಳೆಯುತ್ತದೆ. ಅದಕ್ಕೆ ಗೊತ್ತಿರುವುದು ಇವೆರಡೇ. ಎಂಜಿನ್ ತಣ್ಣಗಿದೆಯಾ, ಪೆಟ್ರೋಲ್ ಕಳಪೆಯಾ, ನಾಕಿಂಗ್ ಶುರುವಾಗಿದೆಯಾ, ಇದೊಂದೂ ಗೊತ್ತಿಲ್ಲ. ಆದ್ದರಿಂದ ಟೈಮಿಂಗ್ ಅನ್ನು ಸದಾ ಸ್ವಲ್ಪ ಹಿಂದೆಯೇ, ಭದ್ರವಾದ ಜಾಗದಲ್ಲೇ ಇಡಬೇಕಿತ್ತು. ಇಸಿಯು ಹಾಗಲ್ಲ. ನಾಕ್ ಸೆನ್ಸರ್ ಕಿವಿಗೊಟ್ಟು ಕೇಳುತ್ತಿರುತ್ತದೆ. ನಾಕಿಂಗ್ ಕಂಡರೆ ಒಂದೆರಡು ಡಿಗ್ರಿ ಹಿಂದೆ, ಇಲ್ಲದಿದ್ದರೆ ಮತ್ತೆ ಮುಂದೆ. ಬೆಳಗ್ಗೆ ತಣ್ಣನೆ ಎಂಜಿನ್ ಸ್ಟಾರ್ಟ್ ಮಾಡಿದಾಗ ಬೇಕೆಂದೇ ಸ್ಪಾರ್ಕ್ ತಡಮಾಡಿ, ಬಿಸಿ ಹೊಗೆ ಕಳಿಸಿ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಬೇಗ ಕಾಯುವಂತೆ ಮಾಡುತ್ತದೆ. ಹೊಗೆ ನಿಯಮ ಬಿಗಿಯಾದಂತೆ ಇದಿಲ್ಲದೆ ಆಗುತ್ತಿರಲಿಲ್ಲ.

ಮೂರನೆಯದು ಸವೆತ. ಡಿಸ್ಟ್ರಿಬ್ಯೂಟರ್ ಶಾಫ್ಟ್ ಅನ್ನು ಹಿಡಿದಿಡುವ ಬುಶ್ ಸವೆದರೆ ಶಾಫ್ಟ್ ಅಲ್ಲಾಡುತ್ತದೆ. ಒಂದು ಸಿಲಿಂಡರ್‌ಗೆ ಒಂದು ಗ್ಯಾಪ್, ಇನ್ನೊಂದಕ್ಕೆ ಬೇರೆ ಗ್ಯಾಪ್ ಆಗುತ್ತದೆ. ಎಷ್ಟು ಸಲ ಸೆಟ್ ಮಾಡಿದರೂ ಐಡ್ಲಿಂಗ್ ನಿಲ್ಲುವುದಿಲ್ಲ. ಟೈಮಿಂಗ್ ಚೈನ್ ಸಡಿಲವಾದರೆ ಅದೂ ಸೇರಿಕೊಳ್ಳುತ್ತದೆ. ಕ್ರ್ಯಾಂಕ್ ಸೆನ್ಸರ್ ನೇರವಾಗಿ ಕ್ರ್ಯಾಂಕ್‌ನಿಂದಲೇ ಓದುವುದರಿಂದ ಈ ನಡುವಿನ ಸಡಿಲ ಯಾವುದೂ ಅದಕ್ಕೆ ತಟ್ಟುವುದಿಲ್ಲ.

ಎಲೆಕ್ಟ್ರಾನಿಕ್ ಇಗ್ನಿಶನ್ ಇದ್ದರೆ ಡಿಸ್ಟ್ರಿಬ್ಯೂಟರ್ ಇರಲ್ಲ ಅಂತ ಅರ್ಥವಾ?

ಅಲ್ಲ. ಇದೊಂದು ದೊಡ್ಡ ಗೊಂದಲ. ನಡುವೆ ಒಂದು ಕಾಲಘಟ್ಟ ಇತ್ತು. ಪಾಯಿಂಟ್ ಹೋಗಿ ಅದರ ಜಾಗಕ್ಕೆ ಶಾಫ್ಟ್ ತಿರುಗುವುದನ್ನು ಮುಟ್ಟದೆ ಗುರುತಿಸುವ ಪಿಕಪ್ ಕಾಯಿಲ್ ಅಥವಾ ಹಾಲ್ ಸೆನ್ಸರ್ ಬಂತು, ಆದರೆ ರೋಟರ್ ಮತ್ತು ಕ್ಯಾಪ್ ಉಳಿದವು. 1998ರಲ್ಲಿ ಭಾರತಕ್ಕೆ ಬಂದ ಮೊದಲ ಹೋಂಡಾ ಸಿಟಿ ಇಂಥದ್ದೇ. ಇಂಜೆಕ್ಷನ್ ಇತ್ತು, ಇಸಿಯು ಇತ್ತು, ಡಿಸ್ಟ್ರಿಬ್ಯೂಟರ್ ಕೂಡ ಇತ್ತು. 2003ರ ಸಿಟಿಯಲ್ಲಿ ಸಿಲಿಂಡರ್‌ಗೆ ಎರಡು ಪ್ಲಗ್, ಒಟ್ಟು ಎಂಟು ಪ್ಲಗ್. ಎರಡೂ ಒಟ್ಟಿಗೆ ಹಾರಬೇಕೋ ಒಂದರ ಹಿಂದೆ ಒಂದೋ ಎಂದು ಇಸಿಯು ವೇಗ ನೋಡಿ ನಿರ್ಧರಿಸುತ್ತಿತ್ತು. ರೋಟರ್ ತಿರುಗಿಸಿ ಇದನ್ನು ಮಾಡಿಸಲು ಸಾಧ್ಯವೇ ಇರಲಿಲ್ಲ.

ನನ್ನ ಗಾಡಿಯಲ್ಲಿ ಯಾವುದು ಇದೆ ಅಂತ ಹೇಗೆ ಗೊತ್ತಾಗುತ್ತೆ?

ಬಾನೆಟ್ ಎತ್ತಿ ನೋಡಿ. ಒಂದು ಕಪ್ಪು ಅಥವಾ ಕಂದು ಕ್ಯಾಪ್‌ನಿಂದ ಪ್ಲಗ್‌ಗೆ ಒಂದೊಂದು ವೈರ್, ಜೊತೆಗೆ ನಡುವೆ ಇನ್ನೊಂದು ವೈರ್ ಕಂಡರೆ ಅದೇ ಡಿಸ್ಟ್ರಿಬ್ಯೂಟರ್. ಅಂಬಾಸಡರ್‌ನಲ್ಲಿ ಎಂಜಿನ್ ಪಕ್ಕದಲ್ಲಿ ನಿಂತಿರುತ್ತದೆ. ಮಾರುತಿ 800ರಲ್ಲಿ ಕ್ಯಾಮ್‌ಶಾಫ್ಟ್ ತುದಿಗೆ ಅಡ್ಡಲಾಗಿ ಕೂತಿರುತ್ತದೆ. ಕಾಯಿಲ್ ಒಳಗೇ ಇರುವ ಬಗೆಯಲ್ಲಿ ನಡುವಿನ ವೈರ್ ಇರುವುದಿಲ್ಲ. ಕ್ಯಾಪ್ ಇಲ್ಲದೆ ಒಂದು ಕಪ್ಪು ಇಟ್ಟಿಗೆಯಂಥ ಬ್ಲಾಕ್‌ನಿಂದ ವೈರ್ ಹೊರಟರೆ ಕಾಯಿಲ್ ಪ್ಯಾಕ್. ದಪ್ಪ ವೈರ್ ಯಾವುದೂ ಇಲ್ಲ, ಎಂಜಿನ್ ತಲೆ ಮೇಲೆ ಸಾಲಾಗಿ ಸಣ್ಣ ಕನೆಕ್ಟರ್ ಮಾತ್ರ ಇದ್ದರೆ ಪ್ರತಿ ಪ್ಲಗ್‌ಗೂ ಕಾಯಿಲ್.

ಮಳೆಗಾಲದಲ್ಲಿ ಹಳೆ ಗಾಡಿ ಸ್ಟಾರ್ಟ್ ಆಗಲ್ಲ. ಏನು ಮಾಡಬೇಕು?

ಮಲೆನಾಡು, ಕರಾವಳಿ ಕಡೆಯವರಿಗೆ ಇದು ಪ್ರತಿ ಜೂನ್‌ನ ಗೋಳು. ಡಿಸ್ಟ್ರಿಬ್ಯೂಟರ್‌ನಲ್ಲಿ ಸ್ಪಾರ್ಕ್ ಎರಡು ಕಡೆ ಹಾರಬೇಕು, ರೋಟರ್ ತುದಿಯಿಂದ ಕ್ಯಾಪ್‌ಗೆ ಒಮ್ಮೆ, ಪ್ಲಗ್‌ನಲ್ಲಿ ಇನ್ನೊಮ್ಮೆ. ಕ್ಯಾಪ್ ಒಳಗೆ ಹಾರುವ ಕಿಡಿಯಿಂದ ಓಝೋನ್ ಹುಟ್ಟುತ್ತದೆ, ತೇವ ಸೇರಿದರೆ ಆಮ್ಲವೂ ಆಗುತ್ತದೆ. ಹಿತ್ತಾಳೆ ತುಂಡಿನ ಮೇಲೆ ಬಿಳಿ ಹಸಿರು ಪುಡಿ ಕೂರುವುದು ಅದರಿಂದಲೇ.

ಕ್ಯಾಪ್ ಬಿಚ್ಚಿ, ಒಣ ಹತ್ತಿ ಬಟ್ಟೆಯಿಂದ ಒಳಗೆ ಹೊರಗೆ ಚೆನ್ನಾಗಿ ಒರೆಸಿ. ಕಾಯಿಲ್ ಮೂತಿ, ವೈರ್‌ಗಳನ್ನೂ ಒರೆಸಿ. ಮುಕ್ಕಾಲು ಪಾಲು ಗಾಡಿಗಳು ಇಷ್ಟಕ್ಕೇ ಸ್ಟಾರ್ಟ್ ಆಗುತ್ತವೆ. ಆಗದಿದ್ದರೆ ಕ್ಯಾಪ್‌ನ ಒಳಮೈಯನ್ನು ಬೆಳಕಿಗೆ ಹಿಡಿದು ನಿಧಾನವಾಗಿ ತಿರುಗಿಸಿ. ಒಂದು ತುಂಡಿನಿಂದ ಇನ್ನೊಂದಕ್ಕೆ ಪೆನ್ಸಿಲ್ ಗೀಟಿನಂಥ ತೆಳು ಕಪ್ಪು ಗೆರೆ, ಕೆಲವೊಮ್ಮೆ ಕವಲೊಡೆದ ಗೆರೆ ಕಾಣಿಸುತ್ತದಾ? ಅದು ಕಾರ್ಬನ್ ದಾರಿ. ಸ್ಪಾರ್ಕ್ ಆ ದಾರಿ ಹಿಡಿದು ಬೇರೆ ಸಿಲಿಂಡರ್‌ಗೆ ಅಥವಾ ಬಾಡಿಗೆ ಓಡುತ್ತಿದೆ. ಉಜ್ಜಿದರೆ ಎರಡು ದಿನ ನಡೆಯಬಹುದು, ಮತ್ತೆ ಬರುತ್ತದೆ. ಕ್ಯಾಪ್ ಬದಲಾಯಿಸಿ.

ವೈರ್ ಮೇಲೆ ಅನುಮಾನ ಇದ್ದರೆ ರಾತ್ರಿ, ಪೂರ್ತಿ ಕತ್ತಲಲ್ಲಿ ಎಂಜಿನ್ ಓಡಲು ಬಿಟ್ಟು ಬಾನೆಟ್ ಎತ್ತಿ, ಏನನ್ನೂ ಮುಟ್ಟದೆ ಸುಮ್ನೆ ನಿಂತು ನೋಡಿ. ವೈರ್ ಸುತ್ತ ನೀಲಿ ಮಿಣುಕು ಕಂಡರೆ, ಚಟ್ ಚಟ್ ಸದ್ದು ಕೇಳಿದರೆ ಕಳ್ಳ ಸಿಕ್ಕಿದ ಹಾಗೆ.

ಹೊಸ ಗಾಡಿಗೆ ನೀರಿನ ಭಯ ಇಲ್ವಾ?

ಕಡಿಮೆ, ಆದರೆ ಇಲ್ಲ ಎಂದಲ್ಲ. ವಾಟರ್ ಸರ್ವಿಸ್‌ನಲ್ಲಿ ಜೋರು ಪೈಪ್ ಹಿಡಿದು ಎಂಜಿನ್ ಮೇಲೆ ನೀರು ಹೊಡೆದರೆ ಪ್ಲಗ್ ಕೂರುವ ಗುಂಡಿಗೆ ನೀರಿಳಿಯುತ್ತದೆ. ಕಾಯಿಲ್‌ನ ರಬ್ಬರ್ ಬೂಟು ಸೀಳಿದ್ದರೆ ಸ್ಪಾರ್ಕ್ ಪಕ್ಕಕ್ಕೆ ಹಾರಿ ಆ ಸಿಲಿಂಡರ್ ಮಿಸ್ ಆಗುತ್ತದೆ. ಎಂಜಿನ್ ತೊಳೆಯುವುದು ಬೇಡ ಎಂದು ಮೊದಲೇ ಹೇಳಿಬಿಡಿ.

ಪಾಯಿಂಟ್ ಗ್ಯಾಪ್ ಮನೆಯಲ್ಲೇ ಸೆಟ್ ಮಾಡಬಹುದಾ?

ಖಂಡಿತ ಮಾಡಬಹುದು, ಹಳೆ ಗಾಡಿ ಇರುವ ಪ್ರತಿಯೊಬ್ಬರೂ ಕಲಿಯಬೇಕಾದ ಕೆಲಸ. ಅಂಬಾಸಡರ್ ಲೆಕ್ಕದಲ್ಲಿ ಹೇಳುತ್ತೇನೆ.

ಇಗ್ನಿಶನ್ ಆಫ್ ಮಾಡಿ. ಕ್ಯಾಪ್‌ನ ಎರಡು ಕ್ಲಿಪ್ ಬಿಡಿಸಿ ಕ್ಯಾಪ್ ಪಕ್ಕಕ್ಕಿಡಿ, ರೋಟರ್ ಮೇಲಕ್ಕೆ ಎಳೆದು ತೆಗೆಯಿರಿ. ಗೇರ್ ನ್ಯೂಟ್ರಲ್‌ನಲ್ಲಿರಲಿ. ಹ್ಯಾಂಡಲ್ ಹಾಕಿ ಎಂಜಿನ್ ನಿಧಾನ ತಿರುಗಿಸಿ, ಪಾಯಿಂಟ್‌ನ ಹಿಮ್ಮಡಿ ಕ್ಯಾಮ್‌ನ ಉಬ್ಬಿನ ಮೇಲೆ ಸರಿಯಾಗಿ ನಿಲ್ಲಬೇಕು. ಆಗ ಪಾಯಿಂಟ್ ಅತಿ ಹೆಚ್ಚು ತೆರೆದಿರುತ್ತದೆ. ಎರಡು ಮೂತಿಗಳನ್ನೂ ನೋಡಿ. ಒಂದರ ಮೇಲೆ ಗುಡ್ಡ, ಇನ್ನೊಂದರಲ್ಲಿ ಗುಳಿ ಬಿದ್ದಿದ್ದರೆ ಫೀಲರ್ ಗೇಜ್ (ಗ್ಯಾಪ್ ಅಳೆಯುವ ತೆಳು ಲೋಹದ ಎಲೆಗಳು) ಸುಳ್ಳು ಅಳತೆ ಕೊಡುತ್ತದೆ. ಸಣ್ಣದಿದ್ದರೆ ಉಜ್ಜಿ ಸಮ ಮಾಡಿ, ದೊಡ್ಡದಿದ್ದರೆ ಹೊಸ ಪಾಯಿಂಟ್ ಹಾಕಿ. ಗುಳಿ ಪದೇ ಪದೇ ಬೇಗ ಬೀಳುತ್ತಿದ್ದರೆ ಕಂಡೆನ್ಸರ್ ಕೆಟ್ಟಿರುವ ಸಾಧ್ಯತೆ ಹೆಚ್ಚು.

15 ಥೌ (ಥೌ ಅಂದರೆ ಇಂಚಿನ ಸಾವಿರದ ಒಂದು ಭಾಗ), ಅಂದರೆ ಸುಮಾರು 0.38 ಮಿ.ಮೀ. ಎಲೆಯನ್ನು ನಡುವೆ ತೂರಿಸಿ. ಎಳೆದರೆ ತುಸು ಹಿಡಿದ ಹಾಗೆ ಅನಿಸಬೇಕು, ಪಾಯಿಂಟ್ ಮಾತ್ರ ಅಲ್ಲಾಡಬಾರದು. ಸ್ಕ್ರೂ ಬಿಗಿ ಮಾಡಿ, ಮತ್ತೆ ಅಳೆಯಿರಿ, ಯಾಕೆಂದರೆ ಬಿಗಿ ಮಾಡುವಾಗ ಗ್ಯಾಪ್ ಬದಲಾಗುತ್ತದೆ. ಎಲೆಗೆ ಹತ್ತಿದ ಎಣ್ಣೆ ಪಾಯಿಂಟ್‌ಗೆ ಅಂಟಿದ್ದರೆ ಶುದ್ಧ ಕಾಗದ ತೂರಿಸಿ ಒರೆಸಿ. ಕ್ಯಾಮ್‌ಗೆ ಒಂದು ಚೂರು ಗ್ರೀಸ್ ಸಾಕು.

ಗ್ಯಾಪ್ ಬದಲಾದರೆ ಟೈಮಿಂಗ್ ಕೂಡ ಬದಲಾಗುತ್ತದೆ. ಆದ್ದರಿಂದ ಗ್ಯಾಪ್ ಮೊದಲು, ಟೈಮಿಂಗ್ ಆಮೇಲೆ. ಟೈಮಿಂಗ್‌ಗೆ ಒಂದು 12 ವೋಲ್ಟ್ ಬಲ್ಬ್ ಇದ್ದರೆ ಆಯಿತು. ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರ್‌ಗೆ ಬರುವ ಕಡೆಗೆ ಒಂದು ತಂತಿ, ಬಾಡಿಗೆ ಒಂದು ತಂತಿ. ಇಗ್ನಿಶನ್ ಆನ್ ಮಾಡಿ ಎಂಜಿನ್ ಕೈಯಲ್ಲಿ ತಿರುಗಿಸಿದರೆ ಪಾಯಿಂಟ್ ತೆರೆದ ಕ್ಷಣ ಬಲ್ಬ್ ಹತ್ತುತ್ತದೆ. ಪುಲಿ ಮೇಲಿನ ಗುರುತು ಆಗ ಎಲ್ಲಿದೆ ನೋಡಿ, ಡಿಸ್ಟ್ರಿಬ್ಯೂಟರ್ ಬಾಡಿ ತಿರುಗಿಸಿ ಹೊಂದಿಸಿ. ರೋಟರ್ ತಿರುಗುವ ದಿಕ್ಕಿಗೆ ವಿರುದ್ಧ ತಿರುಗಿಸಿದರೆ ಅಡ್ವಾನ್ಸ್ ಆಗುತ್ತದೆ, ಅಂದರೆ ಸ್ಪಾರ್ಕ್ ಮುಂಚೆ ಹಾರುತ್ತದೆ.

ಹೊಸ ಗಾಡಿಯಲ್ಲೂ ಟೈಮಿಂಗ್ ಸೆಟ್ ಮಾಡಿಸಬೇಕಾ?

ಬೇಡ, ಮಾಡಲು ಏನೂ ಇಲ್ಲ. "ಇಗ್ನಿಶನ್ ಟೈಮಿಂಗ್ ಸೆಟ್ ಮಾಡಿದ್ದೇವೆ" ಎಂದು ಬಿಲ್‌ನಲ್ಲಿ ಬಂದರೆ ಏನು ತಿರುಗಿಸಿದಿರಿ ಎಂದು ಕೇಳಿ.

ಎಂಜಿನ್ ಓಡುತ್ತಿರುವಾಗ ಪ್ಲಗ್ ವೈರ್ ಕಿತ್ತು ಯಾವ ಸಿಲಿಂಡರ್ ಮಿಸ್ ಅಂತ ನೋಡುತ್ತಾರಲ್ಲ, ಹೊಸ ಗಾಡಿಯಲ್ಲೂ ನೋಡಬಹುದಾ?

ದಯವಿಟ್ಟು ಬೇಡ. ಪಾಯಿಂಟ್ ಇದ್ದ ಗಾಡಿಯಲ್ಲಿ ಅದು ನಡೆಯುತ್ತಿತ್ತು. ಈಗಿನ ಕಾಯಿಲ್ 30,000 ವೋಲ್ಟ್ ದಾಟುತ್ತದೆ. ಹಾರಲು ಜಾಗ ಇಲ್ಲದಿದ್ದಾಗ ವೋಲ್ಟೇಜ್ ಏರಿ ಏರಿ ಕಾಯಿಲ್‌ನ ಒಳಗಿನ ಇನ್ಸುಲೇಶನ್ ಒಡೆಯುತ್ತದೆ, ಇಲ್ಲವೇ ಅದನ್ನು ನಡೆಸುವ ಟ್ರಾನ್ಸಿಸ್ಟರ್ ಹೋಗುತ್ತದೆ. ಅದು ಇಸಿಯು ಒಳಗೇ ಇದ್ದರೆ ಖರ್ಚು ದೊಡ್ಡದು. ಉರಿಯದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿದು ಅದನ್ನೂ ಹಾಳು ಮಾಡುತ್ತದೆ. ನಿಮ್ಮ ಕೈಗೆ ಹೊಡೆಯುವ ಶಾಕ್ ಬೇರೆ. ಪೇಸ್‌ಮೇಕರ್ ಹಾಕಿಸಿಕೊಂಡವರು ಓಡುತ್ತಿರುವ ಎಂಜಿನ್‌ನ ಇಗ್ನಿಶನ್ ಹತ್ತಿರ ಬಗ್ಗಲೇಬಾರದು.

ಹಾಗಾದರೆ ಕೆಟ್ಟ ಕಾಯಿಲ್ ಪತ್ತೆ ಹೇಗೆ?

ಇಸಿಯು ಗುರುತಿಸಿಟ್ಟ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿಸಿ. ಪಿ0301 ಬಂದರೆ 1ನೇ ಸಿಲಿಂಡರ್ ಮಿಸ್, ಪಿ0302 ಬಂದರೆ 2ನೆಯದು, ಹೀಗೆ. ಪಿ0300 ಅಂದರೆ ಒಂದೇ ಕಡೆ ಅಲ್ಲ, ಅಲ್ಲಲ್ಲಿ ಮಿಸ್. ಆದರೆ ಕೋಡ್ ಬಂದ ಕೂಡಲೇ ಕಾಯಿಲ್ ಕೊಳ್ಳಬೇಡಿ. ಸಿಲಿಂಡರ್ ಮಿಸ್ ಆಗಲು ಪ್ಲಗ್, ಇಂಜೆಕ್ಟರ್, ಕಂಪ್ರೆಷನ್ ಯಾವುದೂ ಕಾರಣ ಇರಬಹುದು.

ಎಂಜಿನ್ ಆಫ್ ಮಾಡಿ, ಆರಲು ಬಿಟ್ಟು, 1ನೇ ಕಾಯಿಲ್ ತೆಗೆದು 2ಕ್ಕೆ, 2ನೆಯದನ್ನು 1ಕ್ಕೆ ಹಾಕಿ. ಕೋಡ್ ಅಳಿಸಿ ಸ್ವಲ್ಪ ದೂರ ಓಡಿಸಿ. ಈಗ ಪಿ0302 ಬಂದರೆ ದೋಷ ಕಾಯಿಲ್ ಜೊತೆ ಹೋಗಿದೆ, ಕಾಯಿಲ್ ಕೆಟ್ಟಿದೆ. ಪಿ0301 ಅಲ್ಲೇ ಇದ್ದರೆ ಕಾಯಿಲ್ ತಪ್ಪಿಲ್ಲ, ಇನ್ನು ಪ್ಲಗ್ ಅದಲುಬದಲು ಮಾಡಿ ಹೀಗೇ ನೋಡಿ. ಈ ಪರೀಕ್ಷೆಗೆ ಖರ್ಚಿಲ್ಲ, ಆದರೂ ತುಂಬಾ ಕಡೆ ಮಾಡದೆ ನಾಲ್ಕೂ ಕಾಯಿಲ್ ಬದಲಾಯಿಸಲು ಹೇಳುತ್ತಾರೆ, ಅದು ಬೇಸರದ ವಿಷಯ. ಕಾಯಿಲ್ ತೆಗೆದಾಗ ರಬ್ಬರ್ ಬೂಟಿಗೆ ಎಣ್ಣೆ ಹತ್ತಿದೆಯಾ ನೋಡಿ. ಇದ್ದರೆ ಮೇಲಿನ ಕವರ್‌ನ ಪ್ಯಾಕಿಂಗ್ ಸೋರುತ್ತಿದೆ. ಅದನ್ನು ಸರಿ ಮಾಡದೆ ಹೊಸ ಕಾಯಿಲ್ ಹಾಕಿದರೆ ಅದಕ್ಕೂ ಅದೇ ಗತಿ.

ಚೆಕ್ ಎಂಜಿನ್ ಲೈಟ್ ಸುಮ್ನೆ ಉರಿದರೆ ಮನೆವರೆಗೆ ಹೋಗಬಹುದು. ಮಿಣುಕುತ್ತಿದ್ದರೆ ಜೋರಾಗಿ ಮಿಸ್ ಆಗುತ್ತಿದೆ ಎಂದರ್ಥ, ಗಾಡಿ ನಿಲ್ಲಿಸಿ.

ಸಿಎನ್‌ಜಿ, ಎಲ್‌ಪಿಜಿ ಹಾಕಿಸಿದ ಮೇಲೆ ಮಿಸ್ ಶುರುವಾಯಿತು. ಪೆಟ್ರೋಲ್‌ನಲ್ಲಿ ಸರಿ ಇದೆ. ಯಾಕೆ?

ಗ್ಯಾಸ್‌ನಲ್ಲಿ ಸ್ಪಾರ್ಕ್ ಹಾರಲು ಹೆಚ್ಚು ವೋಲ್ಟೇಜ್ ಬೇಕು. ಸೋತ ಕಾಯಿಲ್, ಸವೆದ ಪ್ಲಗ್, ಬಿರುಕು ಬಿಟ್ಟ ವೈರ್ ಪೆಟ್ರೋಲ್‌ನಲ್ಲಿ ಹೇಗೋ ನಡೆದುಕೊಂಡು ಹೋಗುತ್ತಿರುತ್ತವೆ, ಗ್ಯಾಸ್‌ನಲ್ಲಿ ಬಯಲಾಗುತ್ತವೆ. ಕಿಟ್ ಬೈಯುವ ಮೊದಲು ಪ್ಲಗ್ ನೋಡಿ.

ಪ್ಲಗ್ ಯಾವುದು ಹಾಕಬೇಕು? ಗ್ಯಾಪ್ ಎಷ್ಟು?

ಗಾಡಿಯ ಮ್ಯಾನ್ಯುಯಲ್ ಹೇಳಿದ್ದು, ಅಷ್ಟೇ. ಪಾಯಿಂಟ್ ಕಾಲದ ಅಂಬಾಸಡರ್‌ಗೆ 25 ಥೌ, ಸುಮಾರು 0.6 ಮಿ.ಮೀ. ಈಗಿನ ಎಷ್ಟೋ ಗಾಡಿಗಳಿಗೆ 1 ಮಿ.ಮೀ. ಆಸುಪಾಸು. ಗ್ಯಾಪ್ ಅಗಲವಾದಷ್ಟೂ ಸ್ಪಾರ್ಕ್ ದೊಡ್ಡದು, ತೆಳು ಮಿಶ್ರಣವೂ ಚೆನ್ನಾಗಿ ಹೊತ್ತುತ್ತದೆ. ಆದರೆ ಅದನ್ನು ಹಾರಿಸುವ ತಾಕತ್ತು ಕಾಯಿಲ್‌ಗಿರಬೇಕು. ಹಳೆ ಗಾಡಿಗೆ ಅಗಲ ಗ್ಯಾಪ್ ಇಟ್ಟರೆ ಸ್ಪಾರ್ಕ್ ಕ್ಯಾಪ್ ಒಳಗೇ ಬೇರೆ ದಾರಿ ಹುಡುಕುತ್ತದೆ.

ಬೆಂಗಳೂರಿನವರಿಗೆ ಪ್ಲಗ್ ಅಂದರೆ ಮೈಕೋ. 1951ರಲ್ಲಿ ಶುರುವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಆಡುಗೋಡಿಯಲ್ಲಿ ಸ್ಪಾರ್ಕ್ ಪ್ಲಗ್ ತಯಾರಿಸುತ್ತಿತ್ತು, 2008ರಲ್ಲಿ ಅದರ ಹೆಸರು ಬಾಷ್ ಲಿಮಿಟೆಡ್ ಆಯಿತು. ಬಿಟಿಎಂ ಪಕ್ಕದ ಮೈಕೋ ಲೇಔಟ್‌ನಲ್ಲಿ ಆ ಹೆಸರು ಇನ್ನೂ ಉಳಿದಿದೆ. ಜೆ.ಸಿ. ರೋಡ್ ಅಂಗಡಿಗಳಲ್ಲಿ ಹಳೆ ಗಾಡಿಯ ಕ್ಯಾಪ್, ರೋಟರ್ ಹುಡುಕಿದರೆ ಸಿಗುತ್ತವೆ. ಲೂಕಾಸ್ ಟಿವಿಎಸ್ ಪೆಟ್ಟಿಗೆ ಎಂದು ನಕಲಿಯೂ ಸಿಗುತ್ತದೆ, ಹಳೆಯದನ್ನು ಕೈಯಲ್ಲಿ ಹಿಡಿದು ಹೋಗಿ ಹೋಲಿಸಿ ತನ್ನಿ.

ಓಡುತ್ತಿದ್ದ ಹೊಸ ಗಾಡಿ ತಟ್ಟನೆ ಆಫ್ ಆಯಿತು. ಸೆಲ್ಫ್ ಹೊಡೆಯುತ್ತೆ, ಸ್ಟಾರ್ಟ್ ಆಗಲ್ಲ. ಅರ್ಧ ಗಂಟೆ ಬಿಟ್ಟರೆ ಆಗುತ್ತೆ. ಏನಿದು?

ಮೊದಲ ಅನುಮಾನ ಕ್ರ್ಯಾಂಕ್ ಸೆನ್ಸರ್ ಮೇಲೆ. ಬಿಸಿಯಾದಾಗ ಕೈಕೊಟ್ಟು ಆರಿದಾಗ ಸರಿಹೋಗುವುದು ಅದರ ಲಕ್ಷಣ. ಪಿ0335 ಕೋಡ್ ಬರಬಹುದು. ಸೆನ್ಸರ್‌ನಿಂದ ಸುದ್ದಿ ಇಲ್ಲದಿದ್ದರೆ ಇಸಿಯು ಸ್ಪಾರ್ಕನ್ನೂ ಕೊಡುವುದಿಲ್ಲ, ಪೆಟ್ರೋಲನ್ನೂ ಕೊಡುವುದಿಲ್ಲ. ಸೆಲ್ಫ್ ಹೊಡೆಯುವಾಗ ಟ್ಯಾಕೋಮೀಟರ್ ಮುಳ್ಳು ಸ್ವಲ್ಪವೂ ಅಲ್ಲಾಡದಿದ್ದರೆ ಅನುಮಾನ ಗಟ್ಟಿಯಾಗುತ್ತದೆ, ಆದರೆ ಎಲ್ಲ ಗಾಡಿಗಳಲ್ಲೂ ಈ ಗುರುತು ನಂಬುವ ಹಾಗಿಲ್ಲ.

ಇಲ್ಲಿ ಹಳೆಯದರ ಪರವಾಗಿ ಒಂದು ಮಾತು ಹೇಳಲೇಬೇಕು. ಡಿಸ್ಟ್ರಿಬ್ಯೂಟರ್ ಕೆಡುವ ಮೊದಲು ಹೇಳಿ ಕೆಡುತ್ತದೆ. ಪಿಕಪ್ ಇಳಿಯುತ್ತದೆ, ಬೆಳಗ್ಗೆ ಸತಾಯಿಸುತ್ತದೆ, ರಸ್ತೆ ಬದಿಯಲ್ಲಿ ಸ್ಕ್ರೂ ಡ್ರೈವರ್ ಇದ್ದರೆ ಮನೆ ಸೇರಬಹುದು. ಸೆನ್ಸರ್ ಹೇಳದೆ ಹೋಗುತ್ತದೆ. ಅದು ಕೆಡುವುದು ಅಪರೂಪ, ಆದರೆ ಕೆಟ್ಟರೆ ಗಾಡಿ ಎಳೆಸಬೇಕು. ಬ್ಯಾಟರಿ ಪೂರ್ತಿ ಸತ್ತಿದ್ದರೆ ತಳ್ಳಿ ಸ್ಟಾರ್ಟ್ ಮಾಡುವುದೂ ಹೊಸದರಲ್ಲಿ ನಡೆಯುವುದಿಲ್ಲ, ಇಸಿಯು ಎಚ್ಚರವಾಗಲಿಕ್ಕೇ ಕರೆಂಟ್ ಬೇಕು.

ನನ್ನ ಹಳೆ ಗಾಡಿಯ ಡಿಸ್ಟ್ರಿಬ್ಯೂಟರ್ ತೆಗೆದು ಹೊಸ ಸಿಸ್ಟಮ್ ಹಾಕಿಸಬಹುದಾ?

ಆಗುತ್ತದೆ. ಕ್ರ್ಯಾಂಕ್ ಪುಲಿಗೆ ಹಲ್ಲಿನ ಚಕ್ರ ಕೂರಿಸಬೇಕು, ಸೆನ್ಸರ್‌ಗೆ ಬ್ರ್ಯಾಕೆಟ್ ಮಾಡಬೇಕು, ಕಾಯಿಲ್ ಪ್ಯಾಕ್, ಕಂಟ್ರೋಲರ್, ವೈರಿಂಗ್ ಬೇಕು. ಇಂಗ್ಲೆಂಡಿನಲ್ಲಿ ಹಳೆ ಮಿನಿ ಇಟ್ಟುಕೊಂಡವರು ಡಿಸ್ಟ್ರಿಬ್ಯೂಟರ್ ಇಲ್ಲದೆ ಸ್ಪಾರ್ಕ್ ನಡೆಸುವ ಫೋರ್ಡ್‌ನ ಇಡಿಐಎಸ್ ಮಾಡ್ಯೂಲ್ ಮತ್ತು 36 ಜಾಗದಲ್ಲಿ 35 ಹಲ್ಲಿನ ಚಕ್ರ ಹಾಕಿ ಇದನ್ನು ಮಾಡುತ್ತಾರೆ. ಅದರಲ್ಲಿ ಒಂದು ಒಳ್ಳೆ ಗುಣವಿದೆ, ಕಂಟ್ರೋಲರ್ ಸುಮ್ಮನಾದರೂ ಮಾಡ್ಯೂಲ್ 10 ಡಿಗ್ರಿ ಟೈಮಿಂಗ್‌ನಲ್ಲಿ ಎಂಜಿನ್ ಓಡಿಸಿ ಮನೆ ಮುಟ್ಟಿಸುತ್ತದೆ.

ಆದರೆ ಎಲ್ಲರಿಗೂ ನಾನು ಇದನ್ನು ಹೇಳುವುದಿಲ್ಲ. ಹಲ್ಲಿನ ಚಕ್ರ ಒಂಚೂರು ವಾಲಿದ್ದರೂ ಎಂಜಿನ್ ಮಿಸ್ ಆಗುತ್ತದೆ, ಆ ಗಾಡಿಯ ಟೈಮಿಂಗ್ ಪಟ್ಟಿಯನ್ನು ಕೂತು ಮಾಡುವವರು ಬೇಕು, ದೂರದ ಊರಲ್ಲಿ ಕೆಟ್ಟರೆ ಯಾರಿಗೂ ಅರ್ಥವಾಗುವುದಿಲ್ಲ. ಬುಶ್ ಸರಿ ಇರುವ, ಅಡ್ವಾನ್ಸ್ ತೂಕಗಳು ಸಲೀಸಾಗಿ ಆಡುವ ಡಿಸ್ಟ್ರಿಬ್ಯೂಟರ್ ಇದ್ದರೆ ಪಾಯಿಂಟ್ ಜಾಗಕ್ಕೆ ಮಾತ್ರ ಎಲೆಕ್ಟ್ರಾನಿಕ್ ಕಿಟ್ ಹಾಕಿಸಿ. ಗ್ಯಾಪ್ ಸೆಟ್ ಮಾಡುವ ಕೆಲಸ ತಪ್ಪುತ್ತದೆ, ಟೈಮಿಂಗ್ ಸ್ಥಿರವಾಗುತ್ತದೆ, ನೋಡಲು ಗಾಡಿ ಮೂಲದ ಹಾಗೇ ಇರುತ್ತದೆ. ಕಿಟ್‌ಗೆ ಹೊಂದುವ ಕಾಯಿಲ್ ಮತ್ತು ಕಾಯಿಲ್‌ಗೆ ಹೋಗುವ ಕರೆಂಟ್ ತಗ್ಗಿಸುವ ಬ್ಯಾಲಸ್ಟ್ ರೆಸಿಸ್ಟರ್ ವಿಷಯ ಮಾತ್ರ ಕೊಳ್ಳುವ ಮೊದಲೇ ಕೇಳಿಕೊಳ್ಳಿ, ತಪ್ಪು ಜೋಡಿ ಹಾಕಿದರೆ ಕಿಟ್ ಸುಡುತ್ತದೆ. ಬಿಚ್ಚಿದ ಪಾಯಿಂಟ್ ಮತ್ತು ಕಂಡೆನ್ಸರ್ ಎಸೆಯಬೇಡಿ.

ಬುಶ್ ಸವೆದಿದ್ದರೆ? ಮೊದಲು ಅದನ್ನು ರಿಪೇರಿ ಮಾಡಿಸಿ. ಅಲ್ಲಾಡುವ ಶಾಫ್ಟ್ ಮೇಲೆ ಎಷ್ಟು ಒಳ್ಳೆ ಕಿಟ್ ಹಾಕಿದರೂ ದುಡ್ಡು ದಂಡ.

ಡೀಸೆಲ್ ಗಾಡಿಯಲ್ಲಿ ಇವೆಲ್ಲ ಎಲ್ಲಿರುತ್ತೆ?

ಇರುವುದಿಲ್ಲ. ಡೀಸೆಲ್ ಒತ್ತಡದ ಬಿಸಿಗೇ ಹೊತ್ತಿಕೊಳ್ಳುತ್ತದೆ. ಅದರಲ್ಲಿ ಇರುವುದು ಹೀಟರ್ ಪ್ಲಗ್, ಅದು ತಣ್ಣನೆ ಎಂಜಿನ್ ಸ್ಟಾರ್ಟ್ ಆಗಲು ನೆರವಾಗುವುದಕ್ಕೆ.

ಡಿಸ್ಟ್ರಿಬ್ಯೂಟರ್ ಗಾಡಿಯಲ್ಲಿ ದೂರ ಹೋಗುವಾಗ ಡಿಕ್ಕಿಯಲ್ಲಿ ಏನೇನು ಇಟ್ಟುಕೊಳ್ಳಬೇಕು?

ಒಂದು ಸೆಟ್ ಪಾಯಿಂಟ್, ಒಂದು ಕಂಡೆನ್ಸರ್, ಒಂದು ರೋಟರ್. ಕ್ಯಾಪ್ ಹಳೆಯದಾಗಿದ್ದರೆ ಅದೂ ಒಂದು. ಫೀಲರ್ ಗೇಜ್, ಸಣ್ಣ ಸ್ಕ್ರೂ ಡ್ರೈವರ್, ಪ್ಲಗ್ ಪಾನಾ, ಬಲ್ಬ್ ಟೆಸ್ಟರ್, ಒಣ ಬಟ್ಟೆ. ಒಂದು ಚೀಟಿಯಲ್ಲಿ ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳಿಗೆ ಸ್ಪಾರ್ಕ್ ಹೋಗುವ ಸರದಿ) ಬರೆದು ಬಾನೆಟ್ ಒಳಗೆ ಅಂಟಿಸಿ, ಅಂಬಾಸಡರ್ ಮತ್ತು ಪದ್ಮಿನಿಗೆ 1-3-4-2, ಮೂರು ಸಿಲಿಂಡರ್ ಮಾರುತಿ 800ಕ್ಕೆ 1-3-2. ಕ್ಯಾಪ್ ಬದಲಾಯಿಸುವಾಗ ವೈರ್‌ಗಳನ್ನೆಲ್ಲ ಒಟ್ಟಿಗೆ ಕೀಳಬೇಡಿ, ಒಂದು ತೆಗೆದು ಹೊಸ ಕ್ಯಾಪ್‌ನ ಅದೇ ಜಾಗಕ್ಕೆ ಹಾಕಿ, ಆಮೇಲೆ ಇನ್ನೊಂದು. ಊರಾಚೆ ರಾತ್ರಿ ಗಾಡಿ ಬಿಟ್ಟು ಹೋಗಬೇಕಾದರೆ ರೋಟರ್ ತೆಗೆದು ಜೇಬಿಗೆ ಹಾಕಿಕೊಳ್ಳಿ, ಅದಿಲ್ಲದೆ ಯಾರೂ ಸ್ಟಾರ್ಟ್ ಮಾಡಲಾರರು.